ಆಫ್ ಆದ ಆಯಿ

ಇವತ್ತು ಇಳಕಲ್ಲ ಬಸ್ಸಿನ್ಯಾಗ ಮುಂದಿನ ಸೀಟಿನಾಂವ ಫೋನಿನ್ಯಾಗ "ನಮ್ಮ ಕಾಕಾ ಆಫ್ ಆದ್ರು" ಅಂದ. ನನ್ನ ಮನಸು ಸೀದಾ ನಾ ಸಣ್ಣ ಕೂಸಿದ್ದಾಗಿನ ಅಪ್ಪನ ಪವರ್‌ಲೂಮ್ ಖೋಲಿಗೆ ಹೋಗಿಬಿಡ್ತು.

ಬಾಜೂಮನಿ ಮುದುಕಿ, ಆಯಿ, ನಮ್ಮ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಿಕೊಡ್ತಿದ್ಲು, ನಡುನಡುವ ನನಗ ಶೇಂಗಾ ಸುಲಿದು ಕೊಡ್ತಿದ್ಲು. ಒಂದಿನ ಅಕಿ ಮಗ ಬಾಗಿಲದಾಗ ನಿಂತು, "ಅವ್ವ ಆಫ್ ಆದ್ಲಣ್ಣಾ" ಅಂದ. ಅಪ್ಪ ಎದ್ದು ಮಗ್ಗದ ಸ್ವಿಚ್ ಆಫ್ ಮಾಡಿದ. ಓಣ್ಯಾಗಿನ ಮಗ್ಗ ಎಲ್ಲಾ ಒಂದೊಂದಾಗಿ ಸುಮ್ಮನಾದವು.

ಮೂರು ದಿನದ ಮ್ಯಾಲೆ ಅಪ್ಪ ಸ್ವಿಚ್ ಆನ್ ಮಾಡಿದ. ಮಗ್ಗ ಖಟಖಟ ಅಂದದ್ದ ತಡ, ನಾ ಬಾಜೂಮನಿಗೆ ಓಡಿದೆ. "ಆಯಿನೂ ಆನ್ ಆದ್ಲೇನು?" ಅಂತ ಕೇಳಿದೆ. ಅಕಿ ಮಗ ನನ್ನ ಎತ್ತಿಕೊಂಡಾಂವ ಭಾಳ ಹೊತ್ತು ಕೆಳಗ ಇಳಸಲೇ ಇಲ್ಲ.

ಯಾರರೆ ಹೋದ್ರ ನಾ ಇವತ್ತಿಗೂ "ಆಫ್ ಆದ್ರು" ಅನ್ನೂದಿಲ್ಲ, "ತೀರಿಕೊಂಡ್ರು" ಅಂತೇನಿ. ಬಾಜೂಕ ಸಣ್ಣ ಕೂಸು ಇರಬಹುದು.