ಕಿಟಕಿ ಕಡೆ, ಬಾಗಿಲು ಕಡೆ

ಮಲರ್‌ಗೆ ಎಡ-ಬಲ ಇರಲಿಲ್ಲ. ಅವಳಿಗಿದ್ದದ್ದು ಕಿಟಕಿ ಮತ್ತು ಬಾಗಿಲು.

ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ನಮ್ಮ ಕಾಲೇಜಿನ ನೃತ್ಯ ಸಂಘಕ್ಕೆ ಸೈಕಲ್ ಸ್ಟ್ಯಾಂಡಿನ ಮೇಲಿದ್ದ ಉದ್ದನೆಯ ಕೋಣೆಯೊಂದನ್ನು ಕೊಟ್ಟಿದ್ದರು. ಒಂದು ಪಕ್ಕಕ್ಕೆ ಕಿಟಕಿ, ಎದುರು ಪಕ್ಕಕ್ಕೆ ಬಾಗಿಲು. ಕನ್ನಡಿ ಇರಲಿಲ್ಲ. ಕೇಳಲು ಹೋದವರನ್ನು ಪ್ರಿನ್ಸಿಪಾಲರು, “ಡ್ಯಾನ್ಸ್ ಕಲಿಯೋಕೆ ಬಂದಿದೀರೋ, ಪೌಡರ್ ಹಚ್ಕೊಳ್ಳೋಕೋ?” ಎಂದು ವಾಪಸು ಕಳಿಸಿದ್ದರು. ಹಾಗಾಗಿ ಮಲರ್ ನಮಗೆ ಮುಖ ಮಾಡಿ ನಿಂತು ಕಲಿಸುತ್ತಿದ್ದಳು. ನಾವು ಬಲಗೈ ಎತ್ತಬೇಕಾದಲ್ಲಿ ಅವಳು ಎಡಗೈ ಎತ್ತುವಳು. ‘ಬಲ’ ಎಂದರೆ ಯಾರ ಬಲ ಎಂದು ದಿನಾ ಜಗಳ. ಒಂದು ದಿನ ಹೊಳಲೂರಿನ ಬಸವರಾಜನ ಮೊಣಕೈ ಹೊಸಮನೆಯ ನಸ್ರೀನಳ ಮೂಗಿಗೆ ಬಡಿದು ರಕ್ತ ಬಂತು. ಮಲರ್ ತನ್ನ ದುಪಟ್ಟಾದ ತುದಿ ಒದ್ದೆ ಮಾಡಿ ಅವಳ ಮೂಗಿಗೆ ಒತ್ತಿ ಹಿಡಿದು, ಹಾಗೇ ನಮ್ಮ ಕಡೆ ತಿರುಗಿ ಹೇಳಿದಳು:

“ಸಾಕು. ನಾನೇ ನಿಮ್ಮ ಕನ್ನಡಿ. ಕನ್ನಡಿಗೆ ಬಲಗೈ ಇರಲ್ಲ. ಇವತ್ತಿಂದ ಕಿಟಕಿ ಕಡೆ, ಬಾಗಿಲು ಕಡೆ. ಅಷ್ಟೇ. ಸೇರಿನಾ?”

‘ಸೇರಿ’ ಎಂದರೆ ಸರಿ, ಅವಳ ಮನೆಯ ತಮಿಳು. ಭದ್ರಾವತಿಯ ನ್ಯೂಟೌನಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಅವಳ ಮನೆ. ಅಪ್ಪ ಅಲ್ಲಿ ಕ್ರೇನ್ ನಡೆಸುತ್ತಿದ್ದರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬರುತ್ತಿದ್ದವಳಿಗೆ ಇಡೀ ಲೋಕವೇ ಸ್ಟೇಷನ್ನುಗಳ ಸಾಲಿನಂತೆ ಕಾಣುತ್ತಿತ್ತೋ ಏನೋ, ನಮ್ಮನ್ನೆಲ್ಲ ಊರು-ಬಡಾವಣೆಗಳಿಂದಲೇ ಕರೆಯುತ್ತಿದ್ದಳು. ನಸ್ರೀನ್ ಹೊಸಮನೆ, ಬಸವರಾಜ ಹೊಳಲೂರು, ಗೋಪಾಳ ಬಡಾವಣೆಯ ನಾನು ಗೋಪಾಳ.

“ಏ ಹೊಳಲೂರು, ಏನು ಭತ್ತ ತುಳೀತಿದ್ಯಾ? ಇದು ನೆಲ ಮಾರಾಯ, ಕೆಳಗೆ ಸೈಕಲ್‌ಗಳಿವೆ, ಗದ್ದೆ ಇಲ್ಲ!”

“ಗದ್ದೇಲಿ ಇಷ್ಟು ಕಷ್ಟ ಇಲ್ಲ ಬಿಡು,” ಎನ್ನುವನು ಬಸವರಾಜ.

“ಗೋಪಾಳ, ನಿನ್ನ ಕೈ ಯಾಕೆ ಹಂಗೆ? ಅಪ್ಪನ ಅಂಗಡೀಲಿ ಬಟ್ಟೆ ಅಳೀತಿದ್ಯಾ?”

ಅಪ್ಪನದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಎಂಬುದು ನಿಜ. ಕೈ ಹಾಗಿದ್ದದ್ದೂ ನಿಜವಿರಬೇಕು. ನಾನು ಒಳ್ಳೆಯ ನರ್ತಕಿಯಾಗಿರಲಿಲ್ಲ. ಎತ್ತರ ಇದ್ದೆನೆಂದು ಹಿಂದಿನ ಸಾಲಿನ ನಡುವೆ ನಿಲ್ಲಿಸಿದ್ದಳು.

ಸಂಘದ ಫಲಕದ ಮೇಲೆ ಶಾಸ್ತ್ರೀಯ, ಕಾಂಟೆಂಪರರಿ, ವೆಸ್ಟರ್ನ್ ಎಂದು ಮೂರು ಬಗೆ ಬರೆದಿತ್ತು. ಶಾಸ್ತ್ರೀಯ ಎಂದರೆ ಮಲರ್ ಎಂಬುದರಲ್ಲಿ ಅನುಮಾನವಿರಲಿಲ್ಲ, ಅವಳು ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು. ವೆಸ್ಟರ್ನ್ ಎಂದರೆ ಎನ್‌ಸಿಸಿಯವರಿಂದ ಕೇಳಿ ತಂದ ಕ್ಯಾನ್ವಾಸ್ ಬೂಟು. ಕಾಂಟೆಂಪರರಿ ಎಂದರೇನೆಂದು ಮಾತ್ರ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. “ನೆಲದ ಮೇಲೆ ಬಿದ್ದು ಹೊರಳಬೇಕು, ಆದ್ರೆ ನಗಬಾರದು,” ಎಂದು ನಸ್ರೀನ್ ಅರ್ಥ ಹೇಳಿದ್ದಳು. ಅದನ್ನೇ ಇಟ್ಟುಕೊಂಡು ನಡೆಸಿದೆವು.

ಮಲರ್‌ಳ ಬೆರಳುಗಳ ಬಗ್ಗೆ ಹೇಳಬೇಕು. ನೃತ್ಯ ಕಲಿತವರು ಕುಣಿಯಲು ಜಾಗವಿಲ್ಲದಾಗ ಕೈಯಲ್ಲೇ ಕುಣಿಯುತ್ತಾರೆ, ಅಂಗೈ ಪಾದವಾಗುತ್ತದೆ, ಬೆರಳುಗಳು ಕಣ್ಣಾಗುತ್ತವೆ. ಕೆಲವು ಸಂಜೆ ನಾನು ಅವಳ ಜೊತೆ ರೈಲಿನಲ್ಲಿ ಭದ್ರಾವತಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಮನೆಯಲ್ಲಿ ಲೈಬ್ರರಿ ಎಂದು ಹೇಳಿರುತ್ತಿದ್ದೆ. ಎದುರಿನ ಸೀಟಿನಲ್ಲಿ ಅವಳು ಮಡಿಲ ಮೇಲೆ ಕೈಯಿಟ್ಟು ಕುಣಿಯುತ್ತಾ ಕೂರುವಳು. ಒಮ್ಮೆ ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನ ಕಿವಿಯಲ್ಲಿ, “ಈ ಹುಡುಗೀಗೆ ಮೈಮೇಲೆ ಬರುತ್ತೇನಮ್ಮಾ?” ಎಂದು ಕೇಳಿದರು. ಮಲರ್ ಕಣ್ಣು ತೆರೆಯದೆ, “ಬರೀ ಕೈ ಮೇಲೆ ಬರುತ್ತೆ ಅಜ್ಜಿ,” ಎಂದಳು.

ಹಾಗೆ ಅವಳು ಕೈಯಲ್ಲಿ ಕುಣಿಯುತ್ತಿದ್ದದ್ದು ತನ್ನದೇ ಒಂದು ತುಣುಕನ್ನು. ಆ ವರ್ಷದ ಅಂತರಕಾಲೇಜು ಸ್ಪರ್ಧೆಗೆ ನಾವು ಸಿದ್ಧಮಾಡುತ್ತಿದ್ದ ನೃತ್ಯದಲ್ಲಿ ಮೂರೂ ಬಗೆ ಸೇರಿದ್ದವು. ನಡುವೆ ನಾವೆಲ್ಲ ಕಲ್ಲಿನಂತೆ ನಿಲ್ಲಬೇಕು, ಅವಳೊಬ್ಬಳೇ ಮುಂದೆ ಬಂದು ಕುಣಿಯಬೇಕು. ಕೋಣೆಯಲ್ಲಿ ಆ ಜಾಗ ಬಂದಾಗೆಲ್ಲ, “ಇಲ್ಲಿ ನಂದು, ನೀವು ನಿಂತಿರಿ,” ಎಂದು ಎರಡು ಕೈಯಲ್ಲಿ ತೋರಿಸಿ ಮುಗಿಸಿಬಿಡುತ್ತಿದ್ದಳು. ಪೂರ್ತಿ ಕುಣಿದು ಒಮ್ಮೆಯೂ ತೋರಿಸಲಿಲ್ಲ.

“ಯಾಕೆ?” ಎಂದು ರೈಲಿನಲ್ಲಿ ಕೇಳಿದ್ದೆ.

“ಅದು ಅಪ್ಪಂಗೆ ಇಟ್ಟಿದೀನಿ,” ಎಂದಳು.

ಅಪ್ಪ ಅವಳನ್ನು ನೃತ್ಯಕ್ಕೆ ಸೇರಿಸಿದವರು. ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಬಿಟ್ಟು, ಅಲ್ಲಿಂದಲೇ ಶಿಫ್ಟಿಗೆ ಓಡುತ್ತಿದ್ದವರು. ರಂಗಪ್ರವೇಶ ಮಾಡಿಸೋಣ ಎಂದು ಹೇಳುತ್ತ ಬಂದರು. ಅಷ್ಟರಲ್ಲಿ ಕಾರ್ಖಾನೆಯ ದಿನಗಳು ಕೆಟ್ಟವು, ಆ ಮಾತು ನಿಂತಿತು. ಶಾಲೆಯ ದಿನಾಚರಣೆಗಳಲ್ಲಿ ಅವಳು ಕುಣಿದಾಗೆಲ್ಲ ಅವರು ಕ್ರೇನಿನ ಮೇಲಿರುತ್ತಿದ್ದರು. ಮಗಳು ಕುಣಿಯುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಈಗ ಸ್ವಯಂನಿವೃತ್ತಿ ತೆಗೆದುಕೊಂಡಿದ್ದರು. ಪರೀಕ್ಷೆ ಮುಗಿಯುತ್ತಲೇ ಮನೆ ಖಾಲಿ ಮಾಡಿ ಕೃಷ್ಣಗಿರಿ ಕಡೆಯ ನೆಂಟರ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

“ಆಮೇಲೆ ಎಲ್ಲಿ ಕುಣಿಯೋದು ಗೋಪಾಳ? ಒಂದ್ಸಲ ಅವ್ರು ಎದುರಿಗೆ ಕೂತು ನೋಡ್ಬೇಕು. ಆಮೇಲೆ ಕಾಲಿಗೆ ಏನಾದ್ರೂ ಆಗ್ಲಿ.”

“ಥೂ, ಬಿಡ್ತು ಅನ್ನು.”

“ಬಿಡ್ತು,” ಎಂದು ನಕ್ಕಳು. ಬೆರಳುಗಳು ನಿಲ್ಲಲಿಲ್ಲ.

ಸ್ಪರ್ಧೆಯ ದಿನದ್ದು ನನ್ನ ನೆನಪಿನಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನು ನಂಬುವುದಕ್ಕೇ ಹಿಂಜರಿಕೆ. ಇಷ್ಟು ಸಲ ತಿಕ್ಕಿ ಹೊಳಪು ಬಂದ ಪಾತ್ರೆಯಲ್ಲಿ ಮೊದಲಿನ ಕಲಾಯಿ ಉಳಿದಿರುತ್ತದೆಯೇ? ಆದರೂ ನನ್ನ ಬಳಿ ಇರುವುದು ಇದೇ.

ಅದು ಬೇರೆ ಕಾಲೇಜಿನ ಸಭಾಂಗಣ. ಅಲ್ಲಿಯ ವೇದಿಕೆಗೆ ಕಿಟಕಿಯೂ ಇಲ್ಲ, ಬಾಗಿಲೂ ಇಲ್ಲ, ಎರಡು ಕಡೆ ನೀಲಿ ಪರದೆ. ನಾವು ಗಾಬರಿಯಾದೆವು. ಮಲರ್ ಪರದೆಗಳಿಗೆ ಕೈತೋರಿಸಿ, “ಅದು ಕಿಟಕಿ, ಇದು ಬಾಗಿಲು. ನಮ್ಮ ರೂಮು ಅಂತಲೇ ತಿಳ್ಕೊಳ್ರಿ,” ಎಂದಳು. ನಮಗೇನೋ ಅದು ಸರಿಹೋಯಿತು. ನಾವು ಕೋಣೆಯಲ್ಲಿ ಯಾವ ಕಡೆಗೆ ಮುಖಮಾಡಿ ನಿಲ್ಲುತ್ತಿದ್ದೆವೋ ಇಲ್ಲೂ ಹಾಗೆಯೇ ನಿಂತಿದ್ದೆವು. ತಿರುಗಿ ನಿಲ್ಲಬೇಕಾಗಿದ್ದವಳು ಅವಳೊಬ್ಬಳೇ. ವರ್ಷವಿಡೀ ನಮ್ಮನ್ನು ನೋಡುತ್ತ, ಕಿಟಕಿಗೆ ಎಡಗೈ ಎತ್ತಿ ಎತ್ತಿ ಕಲಿಸಿದವಳು ಈಗ ಜನರ ಕಡೆ ತಿರುಗಿ ಅದೇ ಕಿಟಕಿಗೆ ಬಲಗೈ ಎತ್ತಬೇಕಿತ್ತು. ಇದು ನಮಗಾರಿಗೂ ಹೊಳೆಯಲಿಲ್ಲ.

ಎರಡನೆಯ ಸಾಲಿನಲ್ಲಿ ಅವಳ ಅಪ್ಪನಿಗೆಂದು ಹಿಡಿದಿಟ್ಟಿದ್ದ ಕುರ್ಚಿ ಖಾಲಿಯಿತ್ತು. ನಮ್ಮ ಕಾಲೇಜಿನ ಹೆಸರು ಕೂಗಿದರು. ನೃತ್ಯ ಶುರುವಾಯಿತು, ಅವಳ ಜಾಗ ಬಂತು, ನಾವು ಕಲ್ಲಾದೆವು.

ಅವಳ ಏಕಾಂಗಿ ನೃತ್ಯವನ್ನು ನಾನು ನೋಡಿದ್ದು ಬೆನ್ನ ಕಡೆಯಿಂದ. ಬೆವರಿನ ಗೆರೆ ಇಳಿದ ರವಿಕೆ, ಒಂದು ಭುಜದಿಂದ ಇನ್ನೊಂದಕ್ಕೆ ಹಾರುವ ಜಡೆ, ಕೈಗಳು ಮುಂದೆ ಹೋದಾಗ ಮಾಯ, ಪಕ್ಕಕ್ಕೆ ಬಂದಾಗ ಪ್ರತ್ಯಕ್ಷ. ಸಭಾಂಗಣದ ಜನ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಅವರಿಗೇನು ಕಾಣುತ್ತಿತ್ತೋ ನನಗೆ ಕಾಣುತ್ತಿರಲಿಲ್ಲ. ರೈಲಿನಲ್ಲಿ ಕಂಡ ಬೆರಳುಗಳನ್ನು ಆ ಬೆನ್ನಿಗೆ ಜೋಡಿಸಿಕೊಳ್ಳುತ್ತ ನಿಂತಿದ್ದೆ.

ಅದು ಮುಗಿದು ನಾವೆಲ್ಲ ಕೂಡಬೇಕಾದ ಹೊತ್ತಿಗೆ ಸಭಾಂಗಣದ ಹಿಂದಿನ ಬಾಗಿಲು ತೆರೆಯಿತು. ಹೊರಗಿನ ಬಿಸಿಲಿನಲ್ಲಿ ಕೈಚೀಲ ಹಿಡಿದ ಒಬ್ಬರು ನಿಂತಿದ್ದರು. ಮಲರ್ ಕಿಟಕಿಯ ಕಡೆ ಹೋಗಬೇಕಿತ್ತು. ಅವಳ ಎಡಗಾಲು ತನಗೆ ಗೊತ್ತಿದ್ದ ದಾರಿ ಹಿಡಿಯಿತು. ನಾವೆಲ್ಲ ಒಂದು ಕಡೆ ಹೋದೆವು, ಅವಳೊಬ್ಬಳು ಇನ್ನೊಂದು ಕಡೆ. ಮುಂದಿನ ಹೆಜ್ಜೆಗೂ ಹಾಗೇ ಆಯಿತು. ಆಗ ಅವಳು ಗಿರಕ್ಕನೆ ತಿರುಗಿದಳು, ನಮ್ಮ ಕಡೆಗೆ. ಜನರಿಗೆ ಬೆನ್ನು ಹಾಕಿ, ನಮ್ಮ ಕನ್ನಡಿಯಾಗಿ, ಉಳಿದದ್ದನ್ನೆಲ್ಲ ಹಾಗೆಯೇ ಕುಣಿದು ಮುಗಿಸಿದಳು. ಎಲ್ಲರ ಹೆಜ್ಜೆ ಕೂಡಿತು. ಅಷ್ಟು ಚೆನ್ನಾಗಿ ನಾವು ಯಾವತ್ತೂ ಕುಣಿದಿರಲಿಲ್ಲ.

ಆಗ ಅವಳ ಮುಖ ಹೇಗಿತ್ತು? ಕೆಲವೊಮ್ಮೆ ನಗುತ್ತಿದ್ದಳು ಅನಿಸುತ್ತದೆ, ಕೆಲವೊಮ್ಮೆ ಕಣ್ಣಲ್ಲಿ ನೀರಿತ್ತು ಅನಿಸುತ್ತದೆ. ಎರಡೂ ನಾನು ಆಮೇಲೆ ಹಚ್ಚಿದ ಬಣ್ಣವಿರಬಹುದು. ತುಟಿಗಳು ಮಾತ್ರ ಆಡುತ್ತಿದ್ದವು, ಅದು ಖಂಡಿತ. ಕಿಟಕಿ, ಕಿಟಕಿ, ಬಾಗಿಲು. ನಾವು ತಪ್ಪಬಾರದೆಂದು.

ತೀರ್ಪುಗಾರರೊಬ್ಬರು ಮೈಕಿನಲ್ಲಿ, “ಪ್ರೇಕ್ಷಕರಿಗೇ ಬೆನ್ನು ತಿರುಗಿಸುವ ಈ ಧೈರ್ಯವೇ ಕಾಂಟೆಂಪರರಿ,” ಎಂದು ಹೊಗಳಿ ಸಮಾಧಾನಕರ ಬಹುಮಾನದ ಕಪ್ಪು ಕೊಟ್ಟರು. ಮಲರ್ ಅದನ್ನು ಬಸವರಾಜನ ಕೈಗೆ ತುರುಕಿದಳು.

“ತಗೊ ಹೊಳಲೂರು, ಭತ್ತ ಅಳೆಯೋಕಾಗುತ್ತೆ.”

ಹೊರಗೆ ಅವಳ ಅಪ್ಪ ಚೀಲದೊಂದಿಗೆ ನಿಂತಿದ್ದರು. ನಿವೃತ್ತಿಯ ಕಾಗದಕ್ಕೆ ಯಾರದೋ ಸಹಿ ಆಗಬೇಕಿತ್ತಂತೆ, ಅದಕ್ಕೇ ತಡವಾಯಿತಂತೆ. ಮಗಳನ್ನು ನೋಡಿ, “ಚೆನ್ನಾಗಿತ್ತು ಪಾಪಾ. ನಿನ್ನ ಜಡೆ ಚೆನ್ನಾಗಿ ಕುಣೀತು,” ಎಂದರು.

ಅವಳು ನಕ್ಕಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ನಸ್ರೀನ್ ಈಗಲೂ ಹೊಸಮನೆಯಲ್ಲೇ ಇದ್ದಾಳೆ. ಫೋನಿನಲ್ಲಿ ಇದನ್ನು ಹೇಳಿದರೆ ಒಪ್ಪುವುದಿಲ್ಲ. “ಏನೇ ನೀನು, ತಿರುಗೋದು ಮೊದಲೇ ಪ್ರಾಕ್ಟೀಸ್ ಮಾಡಿದ್ವಲ್ಲೇ! ಅವಳಪ್ಪ ಶುರುವಿಂದ ಎರಡನೇ ಸಾಲಲ್ಲೇ ಕೂತಿದ್ರು ಮಾರಾಯ್ತಿ.” ಹಾಗಿದ್ದರೆ ಎಷ್ಟು ಚೆನ್ನ. ಅವಳ ನೆನಪೇ ನಿಜವಾಗಲಿ ಎಂದು ನಾನು ಹಾರೈಸುವುದುಂಟು. ಆದರೆ ಜಡೆಯ ಮಾತು? ಅದನ್ನು ಎಲ್ಲಿಂದ ತಂದೆ ನಾನು?

ಮನೇಲೇ ಒಮ್ಮೆ ಅಪ್ಪನಿಗೆ ಕುಣಿದು ತೋರಿಸಬಾರದೇ ಎಂದು ನಾನು ಮಲರ್‌ಳನ್ನು ಕೇಳಿದ್ದೆ. “ಅವ್ರು ಚಾಪೆ ಮೇಲೆ ಕೂತ್ಕೊಂಡು ನೋಡ್ತಿದ್ರೆ ನಂಗೆ ನಗು ಬರುತ್ತೆ. ಆಮೇಲೆ ಅಳು ಬರುತ್ತೆ. ಬೇಡ,” ಎಂದಿದ್ದಳು.

ಆಮೇಲಿನ ವರ್ಷಗಳಲ್ಲಿ ಅವಳ ಸುದ್ದಿ ಇಲ್ಲ. ಹುಡುಕುವ ದಾರಿಗಳೆಲ್ಲ ಬಂದ ಮೇಲೆ ಹುಡುಕಿದೆ. ಆ ಹೆಸರಿನ ಎಷ್ಟೋ ಹೆಂಗಸರ ಮುಖಗಳನ್ನು ದಿಟ್ಟಿಸಿದೆ. ಯಾವುದೂ ಅವಳದಲ್ಲ, ಅಥವಾ ಯಾವುದಾದರೂ ಅವಳದೇ ಇದ್ದು ನನಗೆ ಗುರುತು ಸಿಗಲಿಲ್ಲ. ಇವತ್ತಿಗೂ ಯಾರಾದರೂ ಬಲಕ್ಕೆ ತಿರುಗಿ ಎಂದರೆ ನಾನು ಮೊದಲು ಕಿಟಕಿ ಎಲ್ಲಿದೆಯೆಂದು ನೋಡುತ್ತೇನೆ.

ಮಲರ್ ಮನೆಯವರು ಊರು ಬಿಟ್ಟ ಬೆಳಿಗ್ಗೆ ನಾನು ಭದ್ರಾವತಿಗೆ ಹೋಗಿದ್ದೆ. ಕ್ವಾರ್ಟರ್ಸಿನ ಮುಂದೆ ಲಾರಿ. ಮುಂದೆ ಅವಳ ಅಮ್ಮ, ಹಿಂದೆ ಬೀರು-ಮಂಚಗಳ ನಡುವೆ ಹಾಸಿಗೆ ಸುರುಳಿಯ ಮೇಲೆ ಮಲರ್ ಮತ್ತು ಅವಳ ಅಣ್ಣ. ಅಪ್ಪ ಮನೆಯ ಬೀಗದ ಕೈ ಒಪ್ಪಿಸಿ ಎರಡು ದಿನ ಬಿಟ್ಟು ಹೋಗುವವರು. ಅವರು ನನ್ನ ಪಕ್ಕದಲ್ಲಿ ರಸ್ತೆಯಲ್ಲೇ ನಿಂತಿದ್ದರು.

ಲಾರಿ ಹೊರಟಿತು. ಮಲರ್ ನಮ್ಮ ಕಡೆಗೇ ಮುಖಮಾಡಿ ಕೂತಿದ್ದಳು.

“ಗೋಪಾಳ!” ಎಂದು ಕೂಗಿದಳು. “ನಿಂತಿರು! ಇದು ನಂದು!”

ಎರಡೂ ಕೈ ಎತ್ತಿದಳು. ಬೆರಳುಗಳು ಶುರುಮಾಡಿದವು. ರೈಲಿನಲ್ಲಿ ಮಡಿಲ ಮೇಲೆ ಪುಟ್ಟದಾಗಿದ್ದದ್ದು ಈಗ ತೋಳುಗಳ ಉದ್ದಕ್ಕೆ ಬೆಳೆದಿತ್ತು. ಲಾರಿ ಗುಂಡಿಗೆ ಇಳಿದು ಹಾರಿದರೂ ಕೈ ತಪ್ಪಲಿಲ್ಲ. ಕತ್ತು, ಕಣ್ಣು, ಎಲ್ಲ ಇತ್ತು. ಕಾಲು ಮಾತ್ರ ಹಾಸಿಗೆಯ ಸುರುಳಿಯೊಳಗೆ ಹೂತಿತ್ತು.

“ಏನು ಹೇಳ್ತಿದಾಳೆ?” ಎಂದು ಅವಳ ಅಪ್ಪ ಕೇಳಿದರು.

“ಆವತ್ತಿಂದು ಅಂಕಲ್. ನೀವು ಬರೋ ಮೊದ್ಲು ಆಗಿದ್ದು.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡರು. ಅಷ್ಟರಲ್ಲಿ ಲಾರಿ ದೂರವಾಗಿತ್ತು. ಅವರು ಎರಡು ಹೆಜ್ಜೆ ಮುಂದೆ ಹೋಗಿ ನೋಡಿದರು. ತಿರುವು ಬಂತು.

ಧೂಳು ಇಳಿದ ಮೇಲೆ ಅವರು ನನ್ನ ಕಡೆ ನೋಡಿದರು. “ಮುಗೀತಾ?”

“ಇಲ್ಲ. ಇನ್ನೂ ಸ್ವಲ್ಪ ಇದೆ.”

ಅವರು ಅಲ್ಲೇ ನಿಂತಿದ್ದರು, ಕಾಯುವವರ ಹಾಗೆ. ತೋರಿಸೋಣವೆಂದು ನಾನು ಕೈ ಎತ್ತಿದೆ. ಎದುರು ಕೂತು ಕಲಿತದ್ದು, ಯಾವ ಕೈ ಮೊದಲೆಂದು ತಿಳಿಯಲಿಲ್ಲ. ಹಿಂದೆ ಖಾಲಿ ಮನೆಯ ಕಿಟಕಿ ತೆರೆದೇ ಇತ್ತು. ಅದು ಯಾವ ಕಡೆ ಇದೆಯೆಂದು ಒಮ್ಮೆ ತಿರುಗಿ ನೋಡಿಕೊಂಡು, ಅಲ್ಲಿಂದ ಶುರುಮಾಡಿದೆ.