ಭಾವ ಮೂರು ಸಲ ಕಲಿತ ರೈಲು

ನಮ್ಮ ಲೋಕಲ್ ರೈಲಿಗೆ ಕರೆಂಟು ಬರುತ್ತದೆ ಎಂದು ಮೊದಲ ಸಲ ಹೇಳಿದಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಎರಡೇ ವರ್ಷ ಎಂದಿದ್ದರು. ಹನ್ನೊಂದು ವರ್ಷವಾಯಿತು. ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತು ಈ ತಮಾಷೆಯನ್ನೆಲ್ಲ ನಾನು ಪುಕ್ಕಟೆಯಾಗಿ ನೋಡಿದ್ದೇನೆ. ಮೊದಲು ಕಂಬ ನೆಡಲು ಗುಂಡಿ ತೋಡಿದರು. ಗುದ್ದಲಿ ಹೋಗಿ ಸಿಗ್ನಲ್ ಕೇಬಲ್ಲಿಗೇ ಬಿತ್ತು, ಮೂರು ದಿನ ರೈಲೇ ಇಲ್ಲ. ಕಂಬ ಎದ್ದು ನಿಂತ ಮೇಲೆ, ಪ್ಲಾಟ್‌ಫಾರಂ ದಾಟುವ ಮೇಲ್ಸೇತುವೆ ತಂತಿಗೆ ಅಡ್ಡ ಬರುತ್ತದೆ ಎಂದು ಯಾರೋ ಪುಣ್ಯಾತ್ಮನಿಗೆ ಹೊಳೆಯಿತು. ನಲವತ್ತು ವರ್ಷದಿಂದ ಅಲ್ಲೇ ನಿಂತಿದ್ದ ಸೇತುವೆ, ಇವರ ಕಣ್ಣಿಗೆ ಅಂದು ಬಿತ್ತು! ಅದನ್ನು ಕೆಡವಿದರು. ಹೊಸದು ಕಟ್ಟಲಿಲ್ಲ. ಆಮೇಲೆ ತಂತಿ ಎಳೆದರು. ಕಳ್ಳರು ಬಿಚ್ಚಿಕೊಂಡು ಹೋದರು. ಇವರು ಒಂದು ವರ್ಷ ಎಳೆದ ಎಂಟು ಕಿಲೋಮೀಟರ್ ತಂತಿಯನ್ನು ಕಳ್ಳರು ಒಂದೇ ವಾರದಲ್ಲಿ ಮುಗಿಸಿದ್ದರು. ಕಂಟ್ರಾಕ್ಟು ಅವರಿಗೇ ಕೊಡಬೇಕಿತ್ತು ಎಂದು ನಾನು ಜೋರಾಗಿಯೇ ಹೇಳಿದೆ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಈ ಹನ್ನೊಂದು ವರ್ಷವೂ ಡೀಸೆಲ್ ಗಾಡಿ ಓಡಿಸಿಕೊಂಡೇ ಕಾದರು. ಅವರು ಇಂಜಿನ್ ಡ್ರೈವರ್. ಸ್ಟೇಷನ್ನಿನಿಂದ ಸ್ವಲ್ಪ ಮುಂದೆ, ಹಳಿಯ ಪಕ್ಕದ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸೇ ಅವರ ಮನೆ. ಡ್ಯೂಟಿಯಿಂದ ಬಂದರೆ ಅವರ ಬಟ್ಟೆ ನೇರ ಹಿತ್ತಲ ಬಕೆಟ್ಟಿಗೆ. ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ: ರಿಟೈರ್ ಆಗುವುದರೊಳಗೆ ಕರೆಂಟಿನ ಗಾಡಿಯನ್ನು ಒಂದು ದಿನವಾದರೂ ಓಡಿಸಬೇಕು.

ಅದಕ್ಕೆ ತರಬೇತಿ ಬೇಕು. ದೂರದ ಕೇಂದ್ರದಲ್ಲಿ ಆರು ವಾರ, ಹಾಸ್ಟೆಲ್ಲಿನ ಕಬ್ಬಿಣದ ಮಂಚ, ಬೆಳಗ್ಗೆ ಪಾಠ, ಮಧ್ಯಾಹ್ನ ನಕಲಿ ಕ್ಯಾಬಿನ್ನಿನಲ್ಲಿ ಅಭ್ಯಾಸ. ಕೊನೆಗೊಂದು ಸರ್ಟಿಫಿಕೇಟು. ಅದರಲ್ಲೊಂದು ಕೊಕ್ಕೆ: ಆರು ತಿಂಗಳೊಳಗೆ ನಿಜವಾದ ಗಾಡಿ ಓಡಿಸದಿದ್ದರೆ ಸರ್ಟಿಫಿಕೇಟು ಸತ್ತಂತೆ. ಕರೆಂಟೇ ಇಲ್ಲದ ಕಡೆ ಯಾವ ಗಾಡಿ ಓಡಿಸಬೇಕು ಎಂದು ಕೇಳಿದರೆ, ನಿಯಮ ಎಂದರು. ಮೊದಲನೆಯದು ಸತ್ತಿತು. ಎರಡನೆಯದೂ ಸತ್ತಿತು. ಮೂರನೆಯ ಸಲ ಹೋದಾಗ ಪಾಠ ಹೇಳಿದವನು ಹಿಂದೊಮ್ಮೆ ಭಾವನ ಕೈಕೆಳಗೇ ಅಸಿಸ್ಟೆಂಟ್ ಆಗಿದ್ದವನು. ಡಿಪೋದವರು ಅವರಿಗೆ ‘ಟ್ರೇನಿಂಗ್ ತಾತ’ ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾವ ನಗುತ್ತಿದ್ದರು.

“ಹೋಗ್ಲಿ ಬಿಡಮ್ಮ, ಕಲಿತಿದ್ದು ಎಲ್ಲಿಗೆ ಹೋಗತ್ತೆ?”

“ನಿಮ್ಮ ಆಫೀಸಿನ ಕಸದ ಬುಟ್ಟಿಗೆ ಹೋಗತ್ತೆ ಭಾವ,” ಎನ್ನುತ್ತಿದ್ದೆ ನಾನು.

ಅವರು ರಿಟೈರ್ ಆಗಲು ಇನ್ನು ನಾಲ್ಕೇ ದಿನ ಎನ್ನುವಾಗ ಉದ್ಘಾಟನೆ ನಿಗದಿಯಾಯಿತು. ಮೊದಲ ಗಾಡಿಗೆ ಭಾವನ ಹೆಸರೇ ಬಂತು. ಇಡೀ ಡಿಪೋದಲ್ಲಿ ಇನ್ನೂ ಉಸಿರಾಡುತ್ತಿದ್ದ ಸರ್ಟಿಫಿಕೇಟು ಅವರದೊಂದೇ. ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು. ಬಿಳಿ ಷರಟಿಗೆ ತಾನೇ ಇಸ್ತ್ರಿ ಹಾಕಿದಳು, ತೋಳಿನ ಗೆರೆ ನೆಟ್ಟಗೆ ಬರಲಿಲ್ಲವೆಂದು ಮತ್ತೊಮ್ಮೆ ಹಾಕಿದಳು. ಆದರೆ ಸ್ಟೇಷನ್ನಿಗೆ ಬರಲು ಅವಳಿಗೆ ಪಾಸು ಸಿಗಲಿಲ್ಲ. ಪಾಸುಗಳು ಸಾಹೇಬರುಗಳ ಬೀಗರಿಗೇ ಸಾಲದೆ ಹೋಗಿದ್ದವು, ಡ್ರೈವರ್ ಹೆಂಡತಿಯನ್ನು ಯಾರು ಕೇಳುತ್ತಾರೆ? ಮನೆಯಲ್ಲೇ ಟೀವಿಯಲ್ಲಿ ನೋಡುತ್ತೇನೆ ಎಂದಳು.

ಅಂದು ಬೆಳಗ್ಗೆ ಭಾವ ನನ್ನ ಕೌಂಟರಿನ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದರು.

“ಕರೆಂಟೇ ಬಂದಿಲ್ಲ.”

“ಅಂದ್ರೆ?”

“ಸಬ್‌ಸ್ಟೇಷನ್ನಿಗೆ ಲೈನೇ ಕೊಟ್ಟಿಲ್ವಂತೆ. ಗಾಡಿ ಹಿಂದೆ ಡೀಸೆಲ್ ಇಂಜಿನ್ ಜೋಡಿಸಿದಾರೆ, ಅದು ತಳ್ಳತ್ತೆ. ನಾನು ಮುಂದೆ ಹ್ಯಾಂಡಲ್ ಹಿಡ್ಕೊಂಡು ಕೂತು ಕೈ ಬೀಸ್ಬೇಕಂತೆ.”

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅಷ್ಟರಲ್ಲಿ ಪ್ರಾಜೆಕ್ಟ್ ಸಾಹೇಬರೇ ಬಂದರು. ಕೋಟಿನ ಮೇಲೊಂದು ಬ್ಯಾಡ್ಜು, ಮುಖದ ತುಂಬ ಬೆವರು.

“ಮುಂದಿನ ಸ್ಟೇಷನ್ ತನಕ ಅಷ್ಟೇ. ಮಂತ್ರಿಗಳ ಡೇಟ್ ಮತ್ತೆ ಸಿಗಲ್ಲ. ಕ್ಯಾಮೆರಾ ಎಲ್ಲ ಮುಂದಿನ ಕಡೆನೇ ಇರತ್ತೆ. ಕ್ಯಾಬಿನ್ನಲ್ಲಿ ಕೂರೋರಿಗೆ ಸರ್ಟಿಫಿಕೇಟ್ ಇರಲೇಬೇಕು, ನಿಯಮ.”

“ಓಡದೇ ಇರೋ ಗಾಡಿಗೂ ಸರ್ಟಿಫಿಕೇಟ್ ಬೇಕಾ ಸಾರ್?”

“ನೀವು ಟಿಕೆಟ್ ಕೊಡಿ ಮೇಡಂ,” ಎಂದು ಅವರು ಹೊರಟುಹೋದರು.

ಭಾವ ಒಲ್ಲೆ ಎನ್ನುತ್ತಾರೆ ಎಂದುಕೊಂಡೆ. ಅವರು ಷರಟಿನ ತೋಳಿನ ಗೆರೆ ಸರಿಮಾಡಿಕೊಂಡರು. “ನಿಮ್ಮಕ್ಕ ಬೀದಿಗೆಲ್ಲ ಹೇಳಿದಾಳೆ. ಟೀವಿ ಮುಂದೆ ಕೂತಿರ್ತಾಳೆ. ಅವಳಿಗೆ ಹೇಳ್ಬೇಡ ಕಣಮ್ಮ,” ಎಂದು ಎದ್ದು ಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು. ಹನ್ನೊಂದು ವರ್ಷ ಆಟ ಆಡಿಸಿದವರ ಕೈಯಲ್ಲಿ ಕಡೆಗೂ ಬೊಂಬೆಯಾಗಿ ಕೂರಬೇಕೆ?

ಭಾಷಣದಲ್ಲಿ ‘ಹೊಗೆಯಿಲ್ಲದ ಯುಗ’ ಎಂಬ ಮಾತು ನಾಲ್ಕು ಸಲ ಬಂತು. ಹಸಿರು ಬಾವುಟ ಬೀಸಿದರು. ಮುಂದಿನ ಕಿಟಕಿಯಲ್ಲಿ ಕೊರಳಿಗೆ ಹಾರ ಹಾಕಿಕೊಂಡ ಭಾವ ಕೈ ಬೀಸುತ್ತ ಹೋದರು. ಹಿಂದಿನಿಂದ, ಮೈತುಂಬ ಬ್ಯಾನರು ಹೊದ್ದ ಡೀಸೆಲ್ ಇಂಜಿನ್ನು ಗುಡುಗುತ್ತ ಬಂತು. ಬ್ಯಾನರಿನ ಸಂದಿಯಿಂದ ಕಪ್ಪು ಹೊಗೆ. ಇನ್ನೂ ಜೋರಾಗಿ ಬಾರಿಸಿ ಎಂದು ಸಾಹೇಬರು ಬ್ಯಾಂಡಿನವರಿಗೆ ಸನ್ನೆ ಮಾಡುತ್ತಿದ್ದರು. ಪಾಸು ಹಿಡಿದು ಬಂದ ಬೀಗರೆಲ್ಲ ಚಪ್ಪಾಳೆ ತಟ್ಟಿದರು. ಥೂ!

ಮಧ್ಯಾಹ್ನ ನಾನು ಅಕ್ಕನ ಮನೆಗೆ ಹೋದಾಗ ಪಕ್ಕದ ಮನೆಗಳವರು ಆಗಲೇ ಕೂಡಿದ್ದರು. ನಡುವೆ ಭಾವ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಎದುರು ಮನೆಯ ಟೈಲರಮ್ಮನಿಗೆ ಕುತೂಹಲ ತಡೆಯಲಿಲ್ಲ.

“ನಾವೆಲ್ಲ ಪೇಟೆ ಚೌಕದ ದೊಡ್ಡ ಟೀವೀಲಿ ನೋಡಿದ್ವು ಅಣ್ಣ, ಬರೀ ಬ್ಯಾಂಡೇ ಕೇಳಿಸ್ತು. ಕರೆಂಟಿನ ಗಾಡಿ ಸದ್ದೇ ಮಾಡಲ್ವಂತಲ್ಲ, ನಿಜಾನಾ?”

ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಾನು ಏನಾದರೂ ಹೇಳಿ ತೇಲಿಸೋಣವೆಂದು ಮುಂದೆ ಬರುವಷ್ಟರಲ್ಲಿ, ಟೀ ಲೋಟಗಳ ತಟ್ಟೆ ಹಿಡಿದು ಬಂದ ಅಕ್ಕ ಹೇಳಿದಳು: “ಎಲ್ಲಿಯ ಸದ್ದು? ನಾನು ಹಿತ್ತಲಲ್ಲೇ ನಿಂತಿದ್ದೆ. ಗಾಡಿ ಹೋಗಿದ್ದೇ ಗೊತ್ತಾಗ್ಲಿಲ್ಲ.”

ಎಲ್ಲರೂ ಅಬ್ಬಾ ಎಂದರು. ಟೀ ಕುಡಿದು, ಭಾವನನ್ನು ಹೊಗಳಿ, ಒಬ್ಬೊಬ್ಬರಾಗಿ ಎದ್ದು ಹೋದರು. ಬಾಗಿಲು ಮುಂದೆ ಮಾಡಿದ ಮೇಲೆ ಭಾವ ಕೇಳಿದರು:

“ಟೀವಿ ನೋಡ್ತೀನಿ ಅಂದಿದ್ದೆ?”

“ನೋಡ್ತಾ ಇದ್ದೆ. ಹತ್ತಿರ ಬಂತು ಅನ್ನುವಾಗ ಹಿತ್ತಲಿಗೆ ಓಡಿದೆ.” ಅಕ್ಕ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದಳು. “ಮೂವತ್ತೊಂದು ವರ್ಷ ಆ ಇಂಜಿನ್ ಸದ್ದು ಕೇಳಿದ ಮೇಲೇ ಒಲೆ ಹಚ್ಚಿದೀನಿ ರೀ. ನನಗೆ ಗೊತ್ತಾಗಲ್ವಾ?”

ಯಾವ ಸಾಹೇಬರ ಮುಂದೆಯೂ ಒಂದು ದಿನ ಮುಖ ಬಾಡಿಸದಿದ್ದ ಮನುಷ್ಯ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಕ್ಕ ಲೋಟಗಳನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತಳು. ಗೋಡೆಯಾಚೆ ಮಧ್ಯಾಹ್ನದ ಗಾಡಿ ಕಿಟಕಿ ಬಾಗಿಲೆಲ್ಲ ಅದುರಿಸಿಕೊಂಡು ಹೋಯಿತು. ನಾವು ಮೂವರೂ ಕೇಳಿಸದವರ ಹಾಗೆ ಕೂತಿದ್ದೆವು.