ತಟ್ಟದೆ ಬಿಟ್ಟಿದ್ದ ಗೋಡೆ

ಅಮ್ಮ ಮಡಕೆಯನ್ನು ತಟ್ಟಿ ನೋಡದೆ ಕೊಳ್ಳುತ್ತಿರಲಿಲ್ಲ. ಆ ಚಟ ನನಗೂ ಅಂಟಿತ್ತು. ಎಪ್ಪತ್ತರ ದಶಕದಲ್ಲಿ ಲಾಸ್ ಏಂಜಲೀಸ್ ಪಕ್ಕದ ರೆಡೊಂಡೊ ಬೀಚ್ ಊರಿನಲ್ಲಿ ವಿಮಾನದ ರೆಕ್ಕೆಗಳ ಬಲ ಪರೀಕ್ಷಿಸುವ ಕೆಲಸ ಸಿಕ್ಕ ಮೇಲೆ ಅದು ಇನ್ನೂ ಹೆಚ್ಚಿತು. ಲಾಸ್ ಏಂಜಲೀಸ್‌ನಲ್ಲಿ ಕಲ್ಲೆಂದು ಕಾಣುವುದೆಲ್ಲ ಗಾರೆ ಎಂಬುದು ನನ್ನ ಗುಮಾನಿ. ಚರ್ಚುಗಳ ಕಂಬಗಳನ್ನೂ ಬಿಡದೆ ತಟ್ಟಿದ್ದೆ. ಅಸಲಿ ಕಲ್ಲು ಬೇಕಾದರೆ ಯೂರೋಪಿಗೇ ಹೋಗಬೇಕು ಎಂದು ಹೆಂಡತಿಗೆ ಹೇಳುತ್ತಿದ್ದೆ.

ಒಮ್ಮೆ ಬೆಂಗಳೂರಿಗೆ ಹೋಗುವಾಗ ದಕ್ಷಿಣ ಜರ್ಮನಿಯಲ್ಲಿ ಇಳಿದು, ಇನ್ನೂರು ವರ್ಷ ಹಳೆಯ ಕ್ಯಾಥೊಲಿಕ್ ಚರ್ಚೊಂದಕ್ಕೆ ಹೋದೆವು. ಕೆಂಪು ಅಮೃತಶಿಲೆಯ ಕಂಬಗಳು. ಅಂಗೈಯಿಟ್ಟರೆ ಅಷ್ಟೇನೂ ತಣ್ಣಗಿಲ್ಲ. ತಟ್ಟಿದರೆ ಟೊಳ್ಳು. ಅಲ್ಲಿನ ಮುದುಕ ಕಾವಲುಗಾರನಿಗೆ ನಾಚಿಕೆಯೇ ಇಲ್ಲ. ಮರದ ಮೇಲೆ ಬಣ್ಣದ ಗಾರೆ ಮೆತ್ತಿ, ತಿಂಗಳುಗಟ್ಟಲೆ ಉಜ್ಜಿ ಹೊಳಪು ಬರಿಸಿದ್ದು, ಇದು ಕಲ್ಲಿಗಿಂತ ದೊಡ್ಡ ಕೆಲಸ ಎಂದು ಹೆಮ್ಮೆಯಿಂದ ವಿವರಿಸಿದ.

"ಇದನ್ನ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದಳು ಹೆಂಡತಿ.

ಲಾಸ್ ಏಂಜಲೀಸ್ ಹತ್ತಿರ ಡೈಮಂಡ್ ಬಾರ್ ಎಂಬ ಊರಿನಲ್ಲಿದ್ದ ನಮ್ಮ ಮನೆಯ ಫೈರ್‌ಪ್ಲೇಸಿಗೆ ಇಟ್ಟಿಗೆಯ ಗೋಡೆಯಿತ್ತು. ಆ ಗೋಡೆ ನೋಡಿಯೇ ಮನೆ ಕೊಂಡಿದ್ದೆ. ಅದನ್ನು ಮಾತ್ರ ಅದುವರೆಗೂ ತಟ್ಟಿರಲಿಲ್ಲ. ವಾಪಸು ಬಂದ ಮೇಲೆ ತಟ್ಟಿದೆ.

ಅಡುಗೆಮನೆಯಿಂದ ಹೆಂಡತಿ ಹೇಳಿದಳು: "ಯಾರೋ ಬಾಗಿಲು ತಟ್ತಿದಾರೆ, ನೋಡ್ರಿ."